ಮಾನುವಿನ ಕೋಣೆಗೆ ಹೋಗುವ ಓಣಿ

ನನ್ನ ತಂಗಿಯ ಮಗಳ ಕೋಣೆ ಅಡುಗೆಮನೆಯಿಂದ ದೂರ ಸರಿಯುತ್ತಿದೆ ಎಂದು ನಮಗೆ ಮೊದಲು ತಿಳಿಸಿದ್ದು ದೋಸೆ. ಕಾವಲಿಯಿಂದ ಎತ್ತಿ ತಟ್ಟೆಗೆ ಹಾಕಿದ ಗರಿಗರಿ ದೋಸೆ ಅವಳ ಕೈ ಸೇರುವಷ್ಟರಲ್ಲಿ ಮೆತ್ತಗಾಗಿ ಹೋಗುತ್ತಿತ್ತು. ಒಂದು ಬೆಳಿಗ್ಗೆ “ಅಮ್ಮಾ, ಇದು ತಣ್ಣಗಿದೆ” ಎಂದು ಅವಳು ಕೂಗಿದ್ದು ಕೇಳಿ ನನ್ನ ತಂಗಿ ವಾರಿಜಾ ಸಟ್ಟುಗ ಹಿಡಿದೇ ನಿಂತುಬಿಟ್ಟಳು. ನಮ್ಮ ಊರಿನ ತಾಯಂದಿರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅವಳು ಅಡುಗೆಮನೆ ಹೊಸ್ತಿಲಿಗೆ ಬಂದು ಒಳ ಓಣಿಯತ್ತ ನೋಡಿದಳು. ಕೈ ಚಾಚಿದರೆ ಸಿಗುವಂತಿದ್ದ ಮಗಳ ಬಾಗಿಲು ನಾಲ್ಕಾರು ಮಾರು ಆಚೆಗೆ ಹೋಗಿತ್ತು.

ನಮ್ಮ ಊರು ಇರುವುದೇ ಹೀಗೆ. ಮನೆಯಲ್ಲಿ ಒಬ್ಬರು ಉಳಿದವರ ಮುಖ ನೋಡುವುದನ್ನು ಬಿಟ್ಟರೆ ಅವರ ಕೋಣೆಗೆ ಹೋಗುವ ಓಣಿ ಬೆಳೆಯುತ್ತದೆ. ಹಿಂದೆಲ್ಲ ಅತ್ತೆ ಸೊಸೆ ಮಾತು ಬಿಟ್ಟಾಗ, ಅಣ್ಣತಮ್ಮಂದಿರು ಮುನಿಸಿಕೊಂಡಾಗ ಒಂದೆರಡು ಮಾರು ಬೆಳೆದು, ಹಬ್ಬ ಬಂತೆಂದರೆ ಮತ್ತೆ ಕುಗ್ಗಿಕೊಳ್ಳುತ್ತಿತ್ತು. ಮೊಬೈಲ್ ಬಂದ ಮೇಲೆ ಹೈಸ್ಕೂಲು ಮಕ್ಕಳಿರುವ ಮನೆಗಳ ಓಣಿಗಳಿಗೆ ಹಬ್ಬ ಹರಿದಿನ ಒಂದೂ ತಿಳಿಯದಾಯಿತು. ಹೊರಗಿನಿಂದ ನೋಡಿದರೆ ಅದೇ ಗೋಡೆ, ಅದೇ ತಾರಸಿ; ಒಳಗೆ ತಟ್ಟೆ ಹಿಡಿದು ನಡೆದವರಿಗೆ ಮಾತ್ರ ಗೊತ್ತು ಎಷ್ಟು ದೂರ ಎಂದು. ಜನ ಏನು ಮಾಡಿಯಾರು, ಹೊಂದಿಕೊಂಡರು. ಪಾತ್ರೆ ಅಂಗಡಿಯವನು ಊಟದ ಕ್ಯಾರಿಯರ್ ಮಾರಿಯೇ ಮಹಡಿ ಕಟ್ಟಿಸಿದ. ತಾಯಂದಿರು ಮನೆಯೊಳಗೆ ಚಪ್ಪಲಿ ಮೆಟ್ಟುವುದು ತಪ್ಪಲ್ಲ ಎಂದು ಗುಡಿಯ ಪೂಜಾರಪ್ಪನೇ ಒಪ್ಪಿಕೊಂಡ. ಕೆಲವರು ಓಣಿಯ ನಡುವೆ ಕಲ್ಲುಬೆಂಚು ಹಾಕಿಸಿದರು, ಕೆಲವರು ಒಳಗೊಂದು ಸೈಕಲ್ ಇಟ್ಟುಕೊಂಡರು. ನೆಂಟರ ಮುಂದೆ ಮಾತ್ರ ಎಲ್ಲರದೂ ಒಂದೇ ಮಾತು: “ನಮ್ಮನೇದಾ? ಅಯ್ಯೋ, ನಾಲ್ಕೇ ಹೆಜ್ಜೆ.” ಹಾಗೆ ಹೇಳುವ ಹೆಂಗಸರ ಒಡೆದ ಹಿಮ್ಮಡಿ ನೋಡಿದರೆ ಸಾಕಿತ್ತು, ನಿಜ ಗೊತ್ತಾಗಲು.

ನನ್ನ ಹೆಸರು ಕೆಂಚಪ್ಪ. ಬೀದಿಗೆ ಮುಖ ಮಾಡಿ ನನ್ನದೊಂದು ಪುಟ್ಟ ಹೋಟೆಲು, ಅದರ ಬೆನ್ನಿಗೆ ಮನೆ. ಹೋಟೆಲಿಗೂ ಮನೆಗೂ ಒಂದೇ ಅಡುಗೆಮನೆ. ನನಗೆ ಮದುವೆ ಗಿದುವೆ ಕೂಡಿಬರಲಿಲ್ಲ. ತಂಗಿ ವಾರಿಜಾ, ಅವಳ ಗಂಡ ಮಲ್ಲೇಶಿ, ಅವರ ಒಬ್ಬಳೇ ಮಗಳು ಮಾನ್ವಿತಾ, ಇವರೇ ನನ್ನ ಸಂಸಾರ. ಮಾನ್ವಿತಾ ಹತ್ತನೇ ತರಗತಿ. ಮನೆಯಲ್ಲಿ ಎಲ್ಲರಿಗೂ ಮಾನು. ಮಲ್ಲೇಶಿ ಊರಿಗೆ ನೀರು ಬಿಡುವ ವಾಲ್ವ್‌ಮ್ಯಾನ್. ಇಡೀ ಊರಿನ ನೀರು ಅವನ ಕೈ ಹೇಳಿದಂತೆ ಕೇಳುತ್ತದೆ, ಮಗಳು ಕೇಳುವುದಿಲ್ಲ.

ಮಾನು ಮೊಬೈಲಿನಲ್ಲಿ ಏನು ನೋಡುತ್ತಾಳೆ ಎಂದು ನಮಗೆ ಸರಿಯಾಗಿ ತಿಳಿಯದು. ಯಾವುದೋ ಆಟ, ಆಟದ ನಡುವೆ ಯಾರೊಡನೆಯೋ ಮಾತು, ಅದು ಮುಗಿದರೆ ಒಂದರ ಹಿಂದೊಂದು ಓಡುವ ತುಂಡು ವಿಡಿಯೋ. ಶಾಲೆಗೆ ಹೋಗುವಾಗ ತನ್ನ ಕೋಣೆಯ ಹಿತ್ತಿಲ ಬಾಗಿಲಿನಿಂದಲೇ ಹೋಗಿ, ಅಲ್ಲಿಂದಲೇ ಬರುತ್ತಿದ್ದಳು; ನಾವು ಹೊರಗಿನಿಂದ ಸುತ್ತಿ ಹೋದರೆ ಆ ಬಾಗಿಲು ಸಿಗುತ್ತಿರಲಿಲ್ಲ. ಮಲ್ಲೇಶಿ ಕೋಪಿಷ್ಠ. ಒಂದು ದಿನ ಮೊಬೈಲ್ ಕಿತ್ತುಕೊಂಡು ಹೋಗಿ ಪಂಪ್‌ಹೌಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದ. ಅವಳನ್ನು ರಟ್ಟೆ ಹಿಡಿದು ಎಳೆದು ತಂದು ನಮ್ಮ ನಡುವೆ ಊಟಕ್ಕೆ ಕೂರಿಸಿದ. ಅವಳು ತಟ್ಟೆಯನ್ನೇ ನೋಡುತ್ತ ಕೂತಳು, ನಮ್ಮ ಕಡೆ ಕಣ್ಣೆತ್ತಲಿಲ್ಲ. ಮಾರನೆಯ ದಿನ ನೋಡಿದರೆ ಓಣಿ ಎರಡರಷ್ಟಾಗಿತ್ತು. ಗೋಡೆಯತ್ತ ಮುಖ ಮಾಡಿ ಮಲಗಿದ ಮಗಳ ಪಕ್ಕ ಮೊಬೈಲ್ ಇಟ್ಟು ಮಲ್ಲೇಶಿ ಕಳ್ಳನ ಹಾಗೆ ಹಿಂದಕ್ಕೆ ಬಂದ. ಆ ದಿನ ನಮ್ಮ ಬೀದಿಗೆ ನೀರು ಬಿಡುವುದನ್ನೇ ಮರೆತಿದ್ದ, ಪಾಪ.

ಎಳೆದು ತಂದರೆ ಓಣಿ ಕುಗ್ಗುವುದಿಲ್ಲ ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು. ದೂರ ಹೋದವರು ತಮ್ಮ ಮನಸ್ಸಿನಿಂದ, ತಮ್ಮ ಕಾಲಲ್ಲಿ ಈಚೆಗೆ ನಡೆದು ಬರಬೇಕು. ನಾವು ಎದುರು ಹೋಗಿ ಕೈ ಹಿಡಿದು ಕರೆತಂದರೂ ಲೆಕ್ಕಕ್ಕಿಲ್ಲ. ಗೊತ್ತಿದ್ದರೇನು, ಹೆತ್ತವರ ಕಾಲು ಸುಮ್ಮನಿರುತ್ತದೆಯೇ? ಇನ್ನೊಂದು ಸಂಗತಿಯೂ ಎಲ್ಲರಿಗೂ ಗೊತ್ತು, ಅದನ್ನು ಯಾರೂ ಜೋರಾಗಿ ಆಡುವುದಿಲ್ಲ. ಓಣಿ ಬೆಳೆಯುತ್ತ ಬೆಳೆಯುತ್ತ ಒಂದು ದಿನ ತಿರುವು ತೆಗೆದುಕೊಳ್ಳುತ್ತದೆ. ತಿರುಗಿದ ಮೇಲೆ ಈ ತುದಿಗೆ ಆ ಬಾಗಿಲ ಬೆಳಕು ಕಾಣುವುದಿಲ್ಲ, ಕೂಗು ಮುಟ್ಟುವುದಿಲ್ಲ. ಪಕ್ಕದ ಮನೆಯ ರುದ್ರಮ್ಮನ ಮಗನ ಓಣಿ ತಿರುಗಿ ಎಷ್ಟೋ ಕಾಲವಾಯಿತು. ತಿರುವಿನಾಚೆ ಹುಡುಕಿಕೊಂಡು ಹೋದಷ್ಟೂ ಇನ್ನೊಂದು ತಿರುವು ಬರುತ್ತದಂತೆ. ಆಯಮ್ಮ ಮೊದಲನೆಯ ತಿರುವಿನಲ್ಲಿ ತಟ್ಟೆ ಇಟ್ಟು ಬರುತ್ತಾಳೆ, ಸಂಜೆಗೆ ಖಾಲಿ ತಟ್ಟೆ ತರುತ್ತಾಳೆ. “ಉಣ್ತಾನೆ ಕಣಣ್ಣ, ಪೂರ್ತಿ ಉಣ್ತಾನೆ. ಮೊಕ ಕಾಣದಿದ್ರೂ ತಟ್ಟೆ ಖಾಲಿ ಇರ್ತದಲ್ಲ, ಅಷ್ಟು ಸಾಕು,” ಎಂದು ಒಮ್ಮೆ ನನಗೆ ಹೇಳಿದ್ದಳು.

ವಾರಿಜಾಳಿಗೆ ಇದ್ದ ಹೆದರಿಕೆಯೂ ಅದೇ. ಹೆದರಿಕೆಯಲ್ಲಿ ಅವಳೊಂದು ಉಪಾಯ ಮಾಡಿದಳು. ಹೋಟೆಲಿನ ದೊಡ್ಡ ಒಲೆಯೊಂದನ್ನು ನನಗೆ ಬಿಟ್ಟು, ಮನೆಯ ಗ್ಯಾಸ್ ಸ್ಟೌ, ಸಿಲಿಂಡರು, ದೋಸೆ ಕಾವಲಿ ಎಲ್ಲವನ್ನೂ ಗಂಡನ ಕೈಲಿ ಹೊರಿಸಿಕೊಂಡು ಹೋಗಿ ಓಣಿಯ ನಡುಮಧ್ಯೆ ಹೂಡಿದಳು. ಮಗಳಿಗೆ ಬಿಸಿಬಿಸಿ ಕೊಟ್ಟರೆ ಮಗಳು ಹತ್ತಿರವಾಗುತ್ತಾಳೆ ಎಂದು ಅವಳ ಲೆಕ್ಕ. ಆಮೇಲೆ ನೀರಿನ ಕೊಡ ಹೋಯಿತು, ಉಪ್ಪಿನಕಾಯಿ ಭರಣಿ ಹೋಯಿತು, ಚಾಪೆ ದಿಂಬು ಹೋಯಿತು. ಇಂಟರ್ನೆಟ್ಟು ಸಿಗುವುದಿಲ್ಲ ಎಂದು ಮಗಳು ಅತ್ತಳೆಂದು ಮಲ್ಲೇಶಿ ಓಣಿಯುದ್ದಕ್ಕೂ ವೈಫೈ ಡಬ್ಬಿಗಳನ್ನು ಮೊಳೆ ಹೊಡೆದು ಕೂರಿಸಿದ. ಮೊದಲಾದರೆ ಮಾನು ನೀರಿಗೆಂದೋ ಚಾರ್ಜರಿಗೆಂದೋ ದಿನಕ್ಕೊಂದು ಸಲ ಅಷ್ಟು ದೂರ ನಡೆದು ಬರುತ್ತಿದ್ದಳು. ಈಗ ಅದೂ ನಿಂತಿತು. ಸ್ಟೌ ಮುಂದೆ ಹೋದಷ್ಟೂ ಅವಳ ಬಾಗಿಲು ಹಿಂದಕ್ಕೆ ಹೋಯಿತು. ಈ ತುದಿಯ ಹೋಟೆಲಿನಲ್ಲಿ ನಾನು, ನಡುವೆ ಸ್ಟೌ ಮುಂದೆ ತಂಗಿ, ಆ ತುದಿಯಲ್ಲಿ ಮಾನು. ಅತಿಯಾದರೆ ಅಮೃತವೂ ವಿಷ ಎಂದು ನಾನು ಗೊಣಗಿದೆ, ಆದರೆ ಬೆವರು ಒರೆಸಿಕೊಳ್ಳುತ್ತ ಅಷ್ಟು ದೂರದಲ್ಲಿ ಒಬ್ಬಳೇ ಕೂತ ತಂಗಿಯನ್ನು ಗದರಿಸಲು ನನ್ನಿಂದ ಆಗಲಿಲ್ಲ.

ಆ ಹೊತ್ತಿಗೆ ನನ್ನ ತಲೆಯ ಮೇಲೂ ಒಂದು ಚಪ್ಪಡಿ ಬಿದ್ದಿತ್ತು. ಒಂದು ಜ್ವರ ಬಂದು ಹೋಯಿತು. ಹೋಗುವಾಗ ನನ್ನ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಹೋಟೆಲಿನವನ ನಾಲಿಗೆ ಸತ್ತರೆ ಅವನಲ್ಲಿ ಉಳಿಯುವುದೇನು? ಉಪ್ಪನ್ನು ಅಂದಾಜಿನ ಮೇಲೆ ಹಾಕತೊಡಗಿದೆ. ಒಂದು ದಿನ ಸಪ್ಪೆ, ಒಂದು ದಿನ ಸಮುದ್ರ. “ಏನ್ ಕೆಂಚಪ್ಪ, ಯಾರ ಮೇಲೆ ಸಿಟ್ಟು?” ಎಂದು ಹಳೆಯ ಗಿರಾಕಿಗಳು ನಕ್ಕರು. ಆಮೇಲೆ ನಗುವುದನ್ನು ಬಿಟ್ಟರು, ಆಮೇಲೆ ಬರುವುದನ್ನು. ಮನೆಯವರನ್ನು ಕೇಳೋಣವೆಂದರೆ ವಾರಿಜಾಳಿಗೆ ರಕ್ತದೊತ್ತಡ, ಉಪ್ಪು ಬಿಟ್ಟು ವರ್ಷಗಳೇ ಆದವು, ಅವಳ ಬಾಯಿಗೆ ಎಲ್ಲವೂ ಉಪ್ಪುಪ್ಪೇ. ಮಲ್ಲೇಶಿಯೋ, ಕಡ್ಡಿಪುಡಿ ಅಗಿದು ಅಗಿದು ಬೇವಿನ ಸೊಪ್ಪು ಕೊಟ್ಟರೂ “ಚೆನ್ನಾಗೈತೆ ಭಾವ” ಎನ್ನುವವನು. ನಾಚಿಕೆಯಾಗಿ ನಾನು ಯಾರಿಗೂ ಹೇಳಲಿಲ್ಲ. ಕೈ ತಪ್ಪುತ್ತಿದೆ, ವಯಸ್ಸಾಯಿತು ಎಂದುಕೊಂಡು ತಿರುಗುತ್ತಿದ್ದೆ.

ವಾರಿಜಾಳ ಮಂಡಿ ಊದಿಕೊಂಡ ದಿನ ಮಾನುವಿಗೆ ಇಡ್ಲಿ ಸಾಂಬಾರು ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಹೋಗಿ ಹೋಗಿ ಸಾಕಾಯಿತು. ಮಾನು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು, ಮುಖದ ಮೇಲೆ ಮೊಬೈಲಿನ ಬೆಳಕು. ನನ್ನ ಕಡೆ ನೋಡದೆಯೇ ಒಂದು ತುತ್ತು ಬಾಯಿಗಿಟ್ಟು, ಅದೇ ಉಸಿರಿನಲ್ಲಿ ಹೇಳಿದಳು:

“ಮಾವ, ಇಂಗು ಹಾಕೋದು ಮರ್ತಿದ್ದೀಯ. ಹುಣಸೆಹಣ್ಣೂ ಹಳೇದು.”

ನಾನು ಬಾಗಿಲಲ್ಲೇ ನಿಂತೆ. ಹೌದು, ಇಂಗಿನ ಡಬ್ಬಿಯನ್ನು ಆ ದಿನ ಮುಟ್ಟಿಯೇ ಇರಲಿಲ್ಲ. ಹುಣಸೆಹಣ್ಣು ಹಿಂದಿನ ವರ್ಷದ್ದು. ಅಷ್ಟೊತ್ತಿಗೆ ಅವಳ ಹೆಬ್ಬೆರಳು ಮತ್ತೆ ಆಟಕ್ಕೆ ಇಳಿದಿತ್ತು.

ಮಾರನೆಯ ಬೆಳಿಗ್ಗೆ ಸಾಂಬಾರು ಕುದಿಯುತ್ತಿರುವಾಗಲೇ ಒಂದು ಬಟ್ಟಲಿಗೆ ಬಗ್ಗಿಸಿಕೊಂಡು ಓಣಿಯುದ್ದ ದಡದಡ ನಡೆದೆ. “ಉಪ್ಪು ಸಾಲ್ದು,” ಎಂದಳು. ಅಷ್ಟು ದೂರ ವಾಪಸು ಬಂದು ಉಪ್ಪು ಹಾಕಿದೆ. ಅಷ್ಟರಲ್ಲಿ ಸಾಂಬಾರು ಬತ್ತಿ ಗಟ್ಟಿಯಾಗಿ, ಇದ್ದ ಉಪ್ಪೇ ಸರಿಯಾಗಿತ್ತೋ ಏನೋ, ನಾನು ಹಾಕಿದ್ದು ಹೆಚ್ಚಾಯಿತು. ಉಳಿದ ನಾಲ್ಕು ಗಿರಾಕಿಗಳಲ್ಲಿ ಇಬ್ಬರು ತಟ್ಟೆ ಬಿಟ್ಟು ಎದ್ದರು. ಅದರ ಮರುದಿನವೂ ಅದೇ ಕಥೆ. ಮೂರನೆಯ ದಿನ ನಾನು ಬಟ್ಟಲು ಹಿಡಿದು ಹೋಗಲಿಲ್ಲ. ಬರಿಗೈಯಲ್ಲಿ ಹೋಗಿ ಅವಳ ಹೊಸ್ತಿಲ ಮೇಲೆ ಕೂತೆ.

“ಮಾನೂ, ನಂಗೆ ರುಚಿ ಗೊತ್ತಾಗ್ತಿಲ್ಲ ಕಣೆ. ಜ್ವರ ಬಂತಲ್ಲ, ಅವತ್ತಿಂದ. ಉಪ್ಪು ಖಾರ ಒಂದೂ ಇಲ್ಲ. ಮಣ್ಣು ತಿಂದಂಗಿರ್ತದೆ.”

ಅವಳ ಬೆರಳು ನಿಂತಿತು. ಕಣ್ಣೆತ್ತಿ ನನ್ನನ್ನು ನೋಡಿದಳು. ಎಷ್ಟು ತಿಂಗಳ ಮೇಲೆ ಆ ಮುಖವನ್ನು ಎದುರಿನಿಂದ ನೋಡಿದೆನೋ! ಕಣ್ಣು ಕೆಂಪಗೆ, ಕೆಳಗೆ ಕಪ್ಪು. ನಿದ್ದೆ ಕಾಣದ ಮಗು.

“ಅಮ್ಮಂಗೆ ಹೇಳಿದ್ಯಾ?”

“ಯಾರಿಗೂ ಹೇಳಿಲ್ಲ. ನಿಂಗೇ ಮೊದಲು.”

ಅವಳು ಮೊಬೈಲನ್ನು ತೊಡೆಯ ಮೇಲೆ ಕವುಚಿಟ್ಟಳು. ಅದು ಅಲ್ಲೇ ಗುರ್ ಗುರ್ ಎಂದು ನಡುಗುತ್ತಿತ್ತು. ಯಾರದು, ಹೊಡೆದುಕೊಳ್ಳುತ್ತಿದೆಯಲ್ಲ ಎಂದು ಕೇಳಿದೆ.

“ನಮ್ಮ ಟೀಮ್ ಮಾವ. ಎಂಟು ಜನ. ನಾನು ಹೋಗ್ಲಿಲ್ಲ ಅಂದ್ರೆ ಆಟ ಶುರು ಆಗಲ್ಲ, ಕಾಯ್ತಿರ್ತಾರೆ.” ಮೊಬೈಲನ್ನು ಅಂಗೈಯಿಂದ ಒತ್ತಿ ಹಿಡಿದು, “ಇಲ್ಲಿ ನಾನಿಲ್ಲ ಅಂದ್ರೆ ಏನು ನಿಲ್ಲುತ್ತೆ ಹೇಳು? ಮಾರ್ಕ್ಸ್ ಎಷ್ಟು, ಊಟ ಆಯ್ತಾ, ಅಷ್ಟೇ ಅಲ್ವಾ ನೀವೆಲ್ಲ ಕೇಳೋದು?” ಎಂದಳು.

ಹುಟ್ಟಿದಾಗಿನಿಂದ ಈ ಹುಡುಗಿಗೆ ಅದು ಕೊಡು, ಇದು ಕೊಡು ಎಂದು ಓಡಾಡಿದ್ದೇ ಆಯಿತು. ಅವಳಿಂದ ನಮಗೆ ಏನಾದರೂ ಬೇಕು ಎಂದು ನಾವು ಯಾರೂ ಕೇಳಿರಲಿಲ್ಲ.

“ನನ್ನ ಸಾಂಬಾರು ನಿಲ್ಲುತ್ತೆ,” ಎಂದೆ. “ಒಲೆ ಮುಂದೆ ನಿಂತು ಹೇಳೋ ನಾಲಿಗೆ ಬೇಕು ಕಣವ್ವ ನಂಗೆ. ಇಲ್ಲಾಂದ್ರೆ ಹೋಟೆಲು ಮುಚ್ಚೋದೇ.”

“ಬರ್ಬೇಕು ಅಂತ ಅನ್ಸುತ್ತೆ ಮಾವ. ದಿನಾ ಅನ್ಸುತ್ತೆ.” ಅವಳ ದನಿ ಸಣ್ಣದಾಯಿತು. “ಏಳ್ತೀನಿ, ಒಂದೇ ಒಂದು ನೋಡಿ ಹೋಗೋಣ ಅಂತ ಇದನ್ನ ತಗೋತೀನಿ. ಆಮೇಲೆ ನೋಡಿದ್ರೆ ಕತ್ತಲಾಗಿರುತ್ತೆ. ಬೈಬೇಡ.”

ಬೈಯುವುದೆಲ್ಲಿ ಬಂತು. ತಲೆ ಸವರಿ ಎದ್ದು ಬಂದೆ. ಸ್ವಲ್ಪ ದೂರ ಬಂದು ಹಿಂದಿರುಗಿ ನೋಡಿದರೆ ಅವಳ ಬಾಗಿಲು ಅರ್ಧವೇ ಕಾಣುತ್ತಿತ್ತು. ಎಡಗಡೆಯ ಗೋಡೆ ಹೊಟ್ಟೆ ಉಬ್ಬಿದಂತೆ ಮುಂದಕ್ಕೆ ಬಂದಿತ್ತು. ಓಣಿ ತಿರುಗಲು ಶುರುಮಾಡಿತ್ತು.

ಸ್ಟೌ ಮುಂದೆ ಕೂತಿದ್ದ ವಾರಿಜಾಳೂ ಅದನ್ನು ನೋಡಿದ್ದಳು. “ಅಣ್ಣಾ, ಸ್ಟೌ ಇನ್ನೂ ಮುಂದಕ್ಕಿಡೋಣ, ಅವಳ ಬಾಗಿಲಿಗೇ ಇಟ್ಟುಬಿಡೋಣ,” ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು.

“ಬೇಡ ವಾರಿಜಾ. ಸ್ಟೌ ವಾಪಸ್ ಅಡುಗೆಮನೆಗೆ ಹೋಗ್ಲಿ.”

“ಹಸಿದ್ರೆ ಬರ್ತಾಳೆ ಅಂತನಾ? ನನ್ನ ಮಗಳನ್ನ ಉಪವಾಸ ಕೆಡವಿ ಕರೀಬೇಕಾ ನಾನು?”

“ಉಪವಾಸ ಯಾಕೆ, ಊಟ ಮಲ್ಲೇಶಿ ತಗೊಂಡೋಗಿ ಕೊಡ್ಲಿ. ಅವಳು ಬರೋಕೆ ಒಂದು ಜಾಗ ಬೇಕಲ್ಲ ತಾಯಿ. ನೀನು ಅಡುಗೆಮನೇನೇ ಎತ್ಕೊಂಡು ಅವಳ ಹಿಂದೆ ಹೊರಟ್ರೆ ಅವಳು ಬರೋದೆಲ್ಲಿಗೆ?” ಎಂದು, ನನ್ನ ನಾಲಿಗೆಯ ಸಂಗತಿಯನ್ನೂ ಹೇಳಿದೆ. ವಾರಿಜಾ ಮೊದಲು ಅತ್ತಳು, ಆಮೇಲೆ ತನಗೆ ಹೇಳಲಿಲ್ಲವಲ್ಲ ಎಂದು ಬೈದಳು, ಆಮೇಲೆ ಎದ್ದು ಸ್ಟೌವಿನ ಒಂದು ಕಡೆ ಹಿಡಿದಳು.

ಮರುದಿನ ಬೆಳಿಗ್ಗೆ ಸಾಂಬಾರು ಕುದಿಗೆ ಬಂದಾಗ ನಾನು ಅಡುಗೆಮನೆ ಹೊಸ್ತಿಲಲ್ಲಿ ನಿಂತು ಕೂಗಿದೆ. ಬಾ ಎನ್ನಲಿಲ್ಲ. “ಮಾನೂ, ಬೇಳೆ ಬೆಂದೈತೆ, ಉಪ್ಪು ಹಾಕ್ಬೇಕು!” ಎಂದೆ, ಅಷ್ಟೇ. ಕೂಗು ಮುಟ್ಟಿತೋ ಇಲ್ಲವೋ ದೇವರೇ ಬಲ್ಲ. ವಾರಿಜಾ ನನ್ನ ಪಕ್ಕ ಬಾಗಿಲವಾಡ ಹಿಡಿದು ನಿಂತಿದ್ದಳು. ಅರ್ಧ ಕಾಣುತ್ತಿದ್ದ ಆ ಬೆಳಕಿನಲ್ಲಿ ಏನೂ ಅಲುಗಲಿಲ್ಲ. ಹೋಟೆಲಿನಲ್ಲಿ ಯಾರೋ ಟೇಬಲ್ ಬಡಿದರು. ನಾನು ಉರಿ ತಗ್ಗಿಸಿ ಬಂದು ನೋಡುತ್ತೇನೆ, ಬೆಳಕಿನಲ್ಲಿ ಒಂದು ನೆರಳು.

ಬಂದಳು. ಬರಿಗಾಲಿನಲ್ಲಿ, ಕೆದರಿದ ತಲೆಯಲ್ಲಿ, ಗೋಡೆ ಹಿಡಿದುಕೊಂಡು ಬಂದಳು. ಆ ಓಣಿಯಲ್ಲಿ ನಡೆದು ರೂಢಿಯೇ ತಪ್ಪಿತ್ತು. ಒಂದು ಕೈಯಲ್ಲಿ ಮೊಬೈಲ್ ಇತ್ತು. ಹಿಂದೆ ಸ್ಟೌ ಇಟ್ಟಿದ್ದ ಜಾಗಕ್ಕೆ ಬರುವಾಗ ಅದು ಬೆಳಗಿತು. ಅವಳು ನಿಂತಳು, ನೋಡಿದಳು, ನೋಡುತ್ತ ನೋಡುತ್ತ ಗೋಡೆಗೊರಗಿ ಕೆಳಗೆ ಕೂತಳು. ತಲೆ ಬಾಗಿತು. ಆ ಟೀಮಿನವರು ಕರೆಯುತ್ತಿದ್ದರು ಎಂದು ಕಾಣುತ್ತದೆ.

ಅಲ್ಲಿಂದ ಮುಂದಿನದು ನನ್ನ ಬದುಕಿನ ದೊಡ್ಡ ಪರೀಕ್ಷೆ. ಮಾನು ಅಲ್ಲಿ ಕೂತಿದ್ದಾಳೆ, ಸಾಂಬಾರು ಇಲ್ಲಿ ತಳ ಹಿಡಿಯುತ್ತಿದೆ. ಒಂದು ಸೌಟು ತೆಗೆದುಕೊಂಡು ಓಡಿದರೆ ನನ್ನ ಕೆಲಸ ಆಗುತ್ತದೆ. ಓಡಿದರೆ ಅವಳು ನಡೆದು ಬಂದದ್ದು ನೀರುಪಾಲು. ವಾರಿಜಾ ಒಂದು ಕಾಲನ್ನು ಹೊಸ್ತಿಲಾಚೆ ಇಟ್ಟೇಬಿಟ್ಟಳು. ನಾನು ತಡೆಯಲು ಕೈ ಎತ್ತಿದೆ. ತಡೆಯುವ ಮೊದಲೇ ಅವಳೇ ಕಾಲನ್ನು ಹಿಂದಕ್ಕೆ ಎಳೆದುಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕರೆಯಲಿಲ್ಲ. ಹೆತ್ತವಳು ಮಗಳನ್ನು ಕರೆಯದೆ ನಿಲ್ಲುವುದು ಎಷ್ಟು ಕಷ್ಟ ಎಂದು ನಾನು ಅಂದು ಕಣ್ಣಾರೆ ಕಂಡೆ.

ಮಾನು ಎದ್ದಳು. ಎದ್ದವಳು ತನ್ನ ಕೋಣೆಯ ಕಡೆ ತಿರುಗಿದಳು. ನಾಲ್ಕು ಹೆಜ್ಜೆ ಹೋದಳು. ವಾರಿಜಾಳ ಉಗುರು ಬಾಗಿಲವಾಡದ ಮರವನ್ನು ಕೆರೆಯಿತು. ನಾನು ಕಣ್ಣು ಮುಚ್ಚಿಕೊಂಡೆ, ಹೇಡಿಯ ಹಾಗೆ. ತೆರೆದಾಗ ಅವಳು ನಮ್ಮ ಕಡೆ ಮುಖ ಮಾಡಿ ನಿಂತಿದ್ದಳು. ಅಳುತ್ತಿದ್ದಳು. ಅಳುತ್ತಲೇ, ಮೊಬೈಲ್ ಹಿಡಿದ ಕೈಯನ್ನು ಬೆನ್ನ ಹಿಂದಕ್ಕೆ ಕಟ್ಟಿಕೊಂಡು, ನಡೆಯತೊಡಗಿದಳು. ಅವಳ ಹಿಂದೆ ಉಬ್ಬಿದ್ದ ಗೋಡೆ ನೆಟ್ಟಗಾದದ್ದನ್ನು, ಅವಳ ಕೋಣೆಯ ಬಾಗಿಲು ಇಡಿಯಾಗಿ ಕಂಡದ್ದನ್ನು ನಾನು ನೋಡಿದೆ. ವಾರಿಜಾ ಅದೊಂದನ್ನೂ ನೋಡಲಿಲ್ಲ. ಅವಳು ಮಗಳ ಕಾಲನ್ನೇ ನೋಡುತ್ತಿದ್ದಳು.

ಹೊಸ್ತಿಲು ದಾಟಿದ ಮಾನು ನಮ್ಮಿಬ್ಬರ ನಡುವೆ ತೂರಿಕೊಂಡು ನೇರ ಒಲೆಯ ಹತ್ತಿರ ಹೋದಳು. ಸೌಟಿನ ತುದಿಯಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದಳು. ಮುಖ ಕಿವುಚಿದಳು.

“ಮಾವ, ಇದು ತಳ ಹತ್ತಿ ಸೀದು ಹೋಗಿದೆ. ಉಪ್ಪು ಹಾಕಿದ್ರೂ ಉಪಯೋಗ ಇಲ್ಲ. ಚೆಲ್ಲು.”

“ಚೆಲ್ತೀನಿ ಕಣವ್ವ,” ಎಂದೆ. ಸೀದ ವಾಸನೆ ನನಗೆಲ್ಲಿ ತಿಳಿಯಬೇಕು! ಒಂದು ಕೊಳಗ ಸಾಂಬಾರನ್ನು ಮೋರಿಗೆ ಸುರಿಯುವಾಗ ನನಗಾದಷ್ಟು ಸಂತೋಷ ಯಾವ ಹೋಟೆಲಿನವನಿಗೂ ಆಗಿರಲಾರದು. ಹೊರಗೆ ಬಂದು ಇವತ್ತು ಸಾಂಬಾರು ತಡ ಎಂದು ಕೂಗಿ ಹೇಳಿದೆ. ಇದ್ದ ಇಬ್ಬರೂ ಗೊಣಗಿದರು, ಆದರೆ ಎದ್ದು ಹೋಗಲಿಲ್ಲ.

“ಬೇಳೆ ಹೊಸದಾಗಿ ಇಡು. ಬೇಯೋವರೆಗೂ ಇಲ್ಲೇ ನಿಂತಿರ್ತೀನಿ,” ಎಂದಳು ಮಾನು. ಅಷ್ಟರಲ್ಲಿ ಬೆನ್ನ ಹಿಂದಿನ ಕೈಯಲ್ಲಿ ಅದು ಮತ್ತೆ ಗುರ್ ಎಂದಿತು. ಅವಳ ಮುಖ ಬಾಡಿತು. ಕೈ ತಾನಾಗಿಯೇ ಮುಂದಕ್ಕೆ ಬಂತು. ಒಂದು ಗಳಿಗೆ ಅದನ್ನೇ ನೋಡಿ, ಕಣ್ಣು ಕಿತ್ತುಕೊಂಡು, ಅಮ್ಮನ ಕೈಗೆ ತುರುಕಿದಳು.

“ಅಮ್ಮಾ, ಇದನ್ನ ಇಟ್ಕೋ. ನಾನು ಕೇಳಿದ್ರೆ ಕೊಡ್ಬೇಕು ನೀನು. ಬಚ್ಚಿಡಬಾರದು. ಆದ್ರೆ...” ಅವಳು ತುಟಿ ಕಚ್ಚಿಕೊಂಡಳು. “ಆದ್ರೆ ಬೇಗ ಕೊಡ್ಬೇಡ.”

ಬೇಳೆ ಬೇಯುವಷ್ಟರಲ್ಲಿ ಎರಡು ಸಲ ಕೇಳಿದಳು. ಎರಡನೆಯ ಸಲ ದನಿಯಲ್ಲಿ ಸಿಟ್ಟೂ ಇತ್ತು, ಅಳುವೂ ಇತ್ತು. “ಕೊಡ್ತೀನಿ ತಡಿ ಕಂದ, ಕೈ ಒದ್ದೆ ಆಗಿದೆ, ಒರೆಸ್ಕೊಂಡು ಕೊಡ್ತೀನಿ,” ಎಂದಳು ವಾರಿಜಾ. ಮೊಬೈಲನ್ನು ಮಡಿಲಲ್ಲಿ ಕಟ್ಟಿಕೊಂಡು, ಬೇಳೆ ಬೆಂದು ಮಾನು ಉಪ್ಪಿನ ಡಬ್ಬಿಗೆ ಕೈ ಹಾಕುವವರೆಗೂ, ಒಣಗಿದ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದಳು.